ಹಸಿ ಹಾಲಿನ ಅಪಾಯವನ್ನು ತೋರಿಸಿಕೊಟ್ಟ ವಿಜ್ಞಾನಿ ಆಲಿಸ್ ಇವಾನ್ಸ್

ಗಬ್ಬದ ಹಸು ಆರೇಳು ತಿಂಗಳಿಗೇ ಕಂದು ಹಾಕಿತೆಂದರೆ ಆ ವರ್ಷ ಕರುವೂ ಇಲ್ಲ, ಹಾಲೂ ಇಲ್ಲ. ಹೈನುಗಾರಿಕೆಯನ್ನೇ ನಂಬಿದ ಕುಟುಂಬಕ್ಕೆ ಇದು ಎಂತಹ ಪೆಟ್ಟೆಂಬುದನ್ನು ರೈತ ಬಾಂಧವರಾದ ನಿಮಗೆ ವಿವರಿಸಬೇಕಾಗಿಲ್ಲ. ಹೀಗಾಗಲು ಕಾರಣಗಳು ಹಲವಿದ್ದರೂ ಅವುಗಳಲ್ಲಿ ಮುಖ್ಯವಾದದ್ದು ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ. ಹಸುವಿನ ಈ ರೋಗದ ಅಣುಜೀವಿಯೂ ಮನುಷ್ಯನನ್ನು ತಿಂಗಳುಗಟ್ಟಲೆ ಕಾಡುವ ಒಂದು ಬಗೆಯ ಜ್ವರದ ಅಣುಜೀವಿಯೂ ಒಂದೇ ಬಳಗಕ್ಕೆ ಸೇರಿದವು, ಕಾಯಿಸದ ಹಾಲು ಈ ರೋಗವನ್ನು ಮನೆಯೊಳಗೆ ತರಬಲ್ಲದು ಎಂದು 1917ರಲ್ಲಿ ಹೇಳಿದವರು ಅಮೆರಿಕದ ಆಲಿಸ್ ಇವಾನ್ಸ್. ಅವರ ಮಾತು ಕೊಟ್ಟಿಗೆಯವರೆಗೆ ತಲುಪಲು ಸುಮಾರು ಎರಡು ದಶಕಗಳು ಬೇಕಾದವು. ಅದನ್ನು ತಲುಪಿಸುವುದಕ್ಕೆ ಪ್ರಯೋಗಾಲಯದ ಸಾಕ್ಷ್ಯ ಸಾಲದೆ ಸರ್ಕಾರದ ಹಣವೂ ಬೇಕಾಯಿತು. ಅವರ ಜೀವನವನ್ನು ಇಲ್ಲಿ ನಿಮ್ಮ ಮುಂದಿಡುತ್ತಿರುವುದು ವಿಶೇಷವಾಗಿ ಈ ಕಾರಣಕ್ಕಾಗಿ.

ಆಲಿಸ್ ಇವಾನ್ಸ್ 1881ರ ಜನವರಿ 29ರಂದು ಪೆನ್ಸಿಲ್ವೇನಿಯಾ ರಾಜ್ಯದ ನೀತ್ ಎಂಬ ಹಳ್ಳಿಯಲ್ಲಿ, ವೇಲ್ಸ್ ಮೂಲದ ಕೃಷಿಕ ಕುಟುಂಬದಲ್ಲಿ ಜನಿಸಿದರು. ತಂದೆ ಬೇಸಾಯದೊಂದಿಗೆ ಭೂಮಾಪನದ ಕೆಲಸವನ್ನೂ ಮಾಡುತ್ತಿದ್ದರು. ಶಾಲೆ ಮುಗಿಸಿದ ಆಲಿಸ್‌ರಿಗೆ ಆ ಕಾಲದ ಹಳ್ಳಿಯ ಹೆಣ್ಣುಮಕ್ಕಳಿಗೆ ತೆರೆದಿದ್ದ ಉದ್ಯೋಗವೆಂದರೆ ಶಿಕ್ಷಕಿಯ ಕೆಲಸ. ನಾಲ್ಕು ವರ್ಷ ಅವರು ಪಾಠ ಹೇಳಿದರು. ಅಷ್ಟರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಕೃಷಿ ಕಾಲೇಜು ಗ್ರಾಮೀಣ ಶಿಕ್ಷಕರಿಗಾಗಿ ಪ್ರಕೃತಿ ಅಧ್ಯಯನದ ಎರಡು ವರ್ಷದ ಶಿಕ್ಷಣವನ್ನು ಶುಲ್ಕವಿಲ್ಲದೆ ನೀಡುತ್ತಿರುವ ವಿಷಯ ಅವರಿಗೆ ತಿಳಿಯಿತು. ಹಳ್ಳಿಯ ಮಕ್ಕಳಲ್ಲಿ ಗಿಡ, ಮಣ್ಣು, ಕೀಟಗಳ ಬಗ್ಗೆ ಆಸಕ್ತಿ ಮೂಡಿಸಲೆಂದು ರೂಪಿಸಿದ ಶಿಕ್ಷಣವದು. ಇಂದಿನ ಮಾತಿನಲ್ಲಿ ಹೇಳುವುದಾದರೆ ವಿಸ್ತರಣಾ ಚಟುವಟಿಕೆ. ಅಲ್ಲಿಗೆ ಹೋದ ಆಲಿಸ್ ಅಲ್ಲಿಯೇ ಮುಂದುವರಿದು 1909ರಲ್ಲಿ ಸೂಕ್ಷ್ಮಾಣುಶಾಸ್ತ್ರದಲ್ಲಿ ಪದವಿ ಪಡೆದರು. ವಿದ್ಯಾರ್ಥಿವೇತನದ ನೆರವಿನಿಂದ 1910ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಪದವಿಯೂ ದೊರೆಯಿತು. ಡಾಕ್ಟರೇಟ್‌ಗೆ ಮುಂದುವರಿಯುವ ಸಲಹೆ ಬಂದರೂ ಅವರು ಉದ್ಯೋಗವನ್ನು ಆರಿಸಿಕೊಂಡರು. ವಿಸ್ತರಣಾ ಕಾರ್ಯಕರ್ತರು ನಡೆಸುವ ಉಚಿತ ತರಬೇತಿಗಳಿಗೆ ಯಾರು ಬರುತ್ತಾರೆ, ಮುಂದೆ ಏನಾಗುತ್ತಾರೆ ಎಂಬುದನ್ನು ಮೊದಲೇ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅವರಿಗೆ ಕೆಲಸ ಸಿಕ್ಕಿದ್ದು ಅಮೆರಿಕ ಸರ್ಕಾರದ ಕೃಷಿ ಇಲಾಖೆಗೆ ಸೇರಿದ ಹೈನು ವಿಭಾಗದಲ್ಲಿ. ಮೊದಲ ಮೂರು ವರ್ಷ ವಿಸ್ಕಾನ್ಸಿನ್‌ನಲ್ಲಿದ್ದುಕೊಂಡು ಚೀಸ್‌ನ ರುಚಿಗೆ ಕಾರಣವಾಗುವ ಅಣುಜೀವಿಗಳನ್ನು ಅಭ್ಯಸಿಸಿದರು. 1913ರಲ್ಲಿ ವಾಷಿಂಗ್ಟನ್‌ನ ಹೊಸ ಪ್ರಯೋಗಾಲಯಕ್ಕೆ ಬಂದಾಗ ಆ ವಿಭಾಗದಲ್ಲಿ ಕಾಯಂ ಹುದ್ದೆ ಹೊಂದಿದ ಮೊದಲ ಮಹಿಳಾ ವಿಜ್ಞಾನಿ ಅವರಾಗಿದ್ದರು. ಮಹಿಳೆಯೊಬ್ಬರು ಬಂದದ್ದು ಅಲ್ಲಿನ ಅಧಿಕಾರಿಗಳಿಗೆ ಹಿತವೆನಿಸಲಿಲ್ಲ.

ಕೆಚ್ಚಲಿನಿಂದ ಆಗತಾನೆ ಕರೆದ ಹಾಲಿನಲ್ಲಿ ಯಾವ ಯಾವ ಅಣುಜೀವಿಗಳಿರುತ್ತವೆ ಎಂಬುದು ಅಲ್ಲಿ ಅವರ ಅಧ್ಯಯನದ ವಿಷಯ. ಆ ಕಾಲದಲ್ಲಿ ಅಮೆರಿಕದ ಜನ ಹಾಲನ್ನು ಕಾಯಿಸದೆ ಕುಡಿಯುತ್ತಿದ್ದರು. ಕೊಟ್ಟಿಗೆ ಶುಚಿಯಾಗಿದ್ದು, ಹಸುವಿಗೆ ಕ್ಷಯವಿಲ್ಲವೆಂದು ಖಚಿತವಾದರೆ ಹಸಿ ಹಾಲೇ ಶ್ರೇಷ್ಠ ಎಂಬ ನಂಬಿಕೆ ಬಲವಾಗಿತ್ತು. ಹಸುಗಳಲ್ಲಿ ಕಂದು ಹಾಕಿಸುವ ಅಣುಜೀವಿಯನ್ನು ಡೆನ್ಮಾರ್ಕಿನ ಬರ್ನಾರ್ಡ್ ಬ್ಯಾಂಗ್ 1897ರಲ್ಲಿಯೇ ಗುರುತಿಸಿದ್ದರು. ಆದರೆ ಅದು ಕೇವಲ ದನದ ಕಾಯಿಲೆ ಎಂದು ಎಲ್ಲರೂ ತಿಳಿದಿದ್ದರು. ಅದೇ ಅಣುಜೀವಿ ನೋಡಲು ಆರೋಗ್ಯವಾಗಿರುವ ಹಸುಗಳ ಹಾಲಿನಲ್ಲಿಯೂ ಧಾರಾಳವಾಗಿ ಇರುವುದನ್ನು ಇವಾನ್ಸ್ ಕಂಡರು.

ಇತ್ತ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಸೈನಿಕರನ್ನು ಕಾಡುತ್ತಿದ್ದ ಜ್ವರದ ಅಣುಜೀವಿಯನ್ನು ಡೇವಿಡ್ ಬ್ರೂಸ್ 1887ರಲ್ಲಿ ಬೇರ್ಪಡಿಸಿದ್ದರು. ಅದು ಮೇಕೆಯ ಹಾಲಿನಿಂದ ಬರುತ್ತದೆಂಬುದೂ ಆ ಹೊತ್ತಿಗೆ ತಿಳಿದಿತ್ತು. ಬ್ರೂಸ್ ಕಂಡ ಅಣುಜೀವಿಯನ್ನು ದುಂಡನೆಯ ಜಾತಿಗೂ ಬ್ಯಾಂಗ್ ಕಂಡದ್ದನ್ನು ಕಡ್ಡಿಯಾಕಾರದ ಜಾತಿಗೂ ಸೇರಿಸಿದ್ದುದರಿಂದ ಎರಡನ್ನೂ ಹೋಲಿಸಿ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಒಂದು ವೈದ್ಯರ ಪುಸ್ತಕದಲ್ಲಿತ್ತು, ಇನ್ನೊಂದು ಪಶುವೈದ್ಯರ ಪುಸ್ತಕದಲ್ಲಿತ್ತು. ಇವಾನ್ಸ್ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಬೆಳೆಸಿ ನೋಡಿದಾಗ ಅವುಗಳ ನಡುವೆ ವ್ಯತ್ಯಾಸವೇ ಹೆಚ್ಚುಕಡಿಮೆ ಕಾಣಲಿಲ್ಲ. 1917ರಲ್ಲಿ ಸೂಕ್ಷ್ಮಾಣುಶಾಸ್ತ್ರಜ್ಞರ ಸಭೆಯಲ್ಲಿ ಇದನ್ನು ಮಂಡಿಸಿ, ಹಸಿ ಹಾಲಿನ ಬಗ್ಗೆ ಎಚ್ಚರಿಸಿದರು. ಮರುವರ್ಷ ಅದು ಪ್ರಬಂಧವಾಗಿ ಪ್ರಕಟವಾಯಿತು.

ಬಂದ ಪ್ರತಿಕ್ರಿಯೆ ಅವಿಶ್ವಾಸದ್ದು. ಥಿಯೋಬಾಲ್ಡ್ ಸ್ಮಿತ್‌ರಂತಹ ಅಗ್ರಗಣ್ಯ ವಿಜ್ಞಾನಿಯೇ ಒಪ್ಪಲಿಲ್ಲ. ಇಷ್ಟು ಸ್ಪಷ್ಟವಾದ ಸಂಗತಿಯಿದ್ದರೆ ದೊಡ್ಡವರ ಕಣ್ಣಿಗೆ ಮೊದಲೇ ಬೀಳುತ್ತಿತ್ತಲ್ಲವೇ ಎಂಬುದು ಹಲವರ ತರ್ಕ. ಹೇಳಿದವರು ಮಹಿಳೆ, ಮೇಲಾಗಿ ಡಾಕ್ಟರೇಟ್ ಇಲ್ಲದವರು. ಹಾಲಿನ ವ್ಯಾಪಾರಿಗಳಂತೂ ಇವರು ಪಾಶ್ಚರೀಕರಣ ಯಂತ್ರ ತಯಾರಕರ ಪರವಾಗಿದ್ದಾರೆಂಬ ಆಪಾದನೆಯನ್ನೇ ಹೊರಿಸಿದರು. 1920ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ ಮೇಯರ್ ಮತ್ತು ಸಂಗಡಿಗರು ಅದೇ ಫಲಿತಾಂಶ ಕಂಡು, ಈ ಗುಂಪಿಗೆ ಬ್ರೂಸ್ ಅವರ ನೆನಪಿಗೆ ಬ್ರುಸೆಲ್ಲಾ ಎಂಬ ಹೆಸರು ಕೊಟ್ಟರು. ಆದರೂ ಇಪ್ಪತ್ತರ ದಶಕದುದ್ದಕ್ಕೂ ವಾದ ನಿಲ್ಲಲಿಲ್ಲ.

ಈ ನಡುವೆ, 1918ರಲ್ಲಿ ಇವಾನ್ಸ್ ಕೃಷಿ ಇಲಾಖೆಯನ್ನು ಬಿಟ್ಟು ಸಾರ್ವಜನಿಕ ಆರೋಗ್ಯ ಸೇವೆಯ ಪ್ರಯೋಗಾಲಯವನ್ನು ಸೇರಿದ್ದರು. ಅಲ್ಲಿ ಕೆಲಸ ಮಾಡುತ್ತಿರುವಾಗಲೇ 1922ರಲ್ಲಿ ಅವರಿಗೇ ಬ್ರುಸೆಲ್ಲಾ ಸೋಂಕು ತಗುಲಿತು. ಜ್ವರ ಏರುವುದು, ಇಳಿಯುವುದು, ಕೀಲುನೋವು, ವಿಪರೀತ ಬೆವರು, ಎದ್ದು ನಿಲ್ಲಲಾಗದ ಆಯಾಸ. ಕೆಲಕಾಲ ಗುಣವಾದಂತೆ ಕಂಡು ಮತ್ತೆ ಮರುಕಳಿಸುತ್ತಿತ್ತು. ಈ ರೋಗವೇ ಇಲ್ಲವೆಂದು ನಂಬಿದ್ದ ವೈದ್ಯರು ಅದನ್ನು ನರದೌರ್ಬಲ್ಯವೆಂದು ಕರೆದರು. ಮನಸ್ಸಿನ ಕಲ್ಪನೆಯೆಂದು ಪರಿಗಣಿಸಲಾದ ಆ ಕಾಯಿಲೆ ಅವರನ್ನು ಎರಡು ದಶಕಗಳಿಗೂ ಮೀರಿ ಆಗಾಗ ಹಾಸಿಗೆ ಹಿಡಿಸಿತು. ನಡುನಡುವೆಯೇ ಅವರು ದುಡಿದರು. 1928ರಲ್ಲಿ ಅಮೆರಿಕದ ಸೂಕ್ಷ್ಮಾಣುಶಾಸ್ತ್ರಜ್ಞರ ಸಂಘದ ಅಧ್ಯಕ್ಷೆಯಾಗಿ ಆಯ್ಕೆಯಾದ ಮೊದಲ ಮಹಿಳೆಯೂ ಆದರು.

ಈಗ ಚಿಪ್ಪುಮೀನಿನ ಒಂದು ಪ್ರಸಂಗವನ್ನು ಹೇಳಬೇಕು. ಇವಾನ್ಸ್‌ರ ಮಾತನ್ನು ದೇಶ ಅನುಮಾನಿಸುತ್ತಿದ್ದ ಕಾಲದಲ್ಲಿಯೇ, 1924-25ರ ಚಳಿಗಾಲದಲ್ಲಿ, ನ್ಯೂಯಾರ್ಕ್, ಷಿಕಾಗೊ, ವಾಷಿಂಗ್ಟನ್ ನಗರಗಳಲ್ಲಿ ವಿಷಮಶೀತ ಜ್ವರ ಹಬ್ಬಿತು. ಸುಮಾರು 1500 ಜನರಿಗೆ ಕಾಯಿಲೆಯಾಗಿ 150ರಷ್ಟು ಮಂದಿ ಸತ್ತರು. ಚರಂಡಿ ನೀರು ಸೇರಿದ ಜಾಗದ ಚಿಪ್ಪುಮೀನನ್ನು ಹಸಿಯಾಗಿ ತಿಂದದ್ದೇ ಕಾರಣವೆಂದು ಪತ್ತೆಯಾಯಿತು. ಮಾರಾಟ ಕುಸಿದುಬಿದ್ದಾಗ ವ್ಯಾಪಾರಿಗಳೇ ಸರ್ಕಾರದ ತಪಾಸಣೆಯನ್ನು ಬಯಸಿದರು. 1925ರ ಫೆಬ್ರವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಸಭೆ ಸೇರಿ, ರಾಜ್ಯಗಳು ಪರಿಶೀಲಿಸಿ ಪ್ರಮಾಣಪತ್ರ ಕೊಡುವ, ಕೇಂದ್ರದ ಆರೋಗ್ಯ ಸೇವೆ ಅದರ ಮೇಲೆ ಕಣ್ಣಿಡುವ ವ್ಯವಸ್ಥೆ ರೂಪುಗೊಂಡಿತು. ಅದು ಇಂದಿಗೂ ನಡೆದಿದೆ. ಹಾಲಿಗೂ ಇಂತಹುದೇ ಚೌಕಟ್ಟಿತ್ತು: 1924ರಲ್ಲಿ ಆರೋಗ್ಯ ಸೇವೆಯು ಮಾದರಿ ಹಾಲು ನಿಯಮಾವಳಿಯನ್ನು ಸಿದ್ಧಪಡಿಸಿ, ಇಷ್ಟಪಟ್ಟ ರಾಜ್ಯಗಳು ಅಳವಡಿಸಿಕೊಳ್ಳಲೆಂದು ಬಿಟ್ಟಿತು. ಅಲಬಾಮಾ ಮೊದಲು ಸ್ವೀಕರಿಸಿತು. ಉಳಿದವು ಒಂದೊಂದಾಗಿ, ನಿಧಾನವಾಗಿ ಬಂದವು.

ಚಿಪ್ಪುಮೀನಿನ ವಿಷಯದಲ್ಲಿ ಕೆಲವೇ ತಿಂಗಳಲ್ಲಿ ಆದದ್ದು ಕಂದು ರೋಗದ ವಿಷಯದಲ್ಲಿ ಏಕೆ ಆಗಲಿಲ್ಲ? ಅಲ್ಲಿ ಸಾವು ಒಮ್ಮೆಲೇ ಬಂತು, ಎಣಿಸಲು ಸಾಧ್ಯವಾಯಿತು. ಕಂದು ರೋಗವಾದರೋ ಮೆಲ್ಲನೆ ಕೊರೆಯುತ್ತದೆ, ಕೊಲ್ಲುವುದು ಅಪರೂಪ. ಎರಡನೆಯ ಕಾರಣ ಇನ್ನೂ ಮುಖ್ಯವಾದುದೆಂದು ನನ್ನ ಅಭಿಪ್ರಾಯ. ರೋಗವಿರುವ ಹಸುವನ್ನು ತೆಗೆದುಹಾಕಿ ಎಂದರೆ ನಷ್ಟವೆಲ್ಲ ಹಸುವಿನ ಒಡೆಯನದು, ಲಾಭ ಮಾತ್ರ ಊರಿನದು. ಹೊಟ್ಟೆಪಾಡಿನ ಹಸುವನ್ನು ಪರೀಕ್ಷೆಗೆ ತೋರಿಸಿ ಕಳೆದುಕೊಳ್ಳುವುದಕ್ಕಿಂತ ಮೌನವಾಗಿ ಸಂತೆಗೆ ಹೊಡೆಯುವುದೇ ಲೇಸೆಂದು ರೈತನಿಗೆ ತೋರುವುದು ಸಹಜ. ಆ ಹಸು ಮತ್ತೊಬ್ಬರ ಕೊಟ್ಟಿಗೆಗೆ ರೋಗವನ್ನು ಹೊತ್ತೊಯ್ಯುತ್ತದೆ. ಉಪದೇಶದಿಂದ ಈ ಗಂಟು ಬಿಚ್ಚುವುದಿಲ್ಲ.

ಬಿಚ್ಚಿಕೊಂಡದ್ದು 1934ರಲ್ಲಿ, ಅದೂ ಬೇರೊಂದು ಕಾರಣದಿಂದ. ಆರ್ಥಿಕ ಮುಗ್ಗಟ್ಟು ಮತ್ತು ಭೀಕರ ಬರದಿಂದ ಕಂಗೆಟ್ಟಿದ್ದ ಅಮೆರಿಕ ಸರ್ಕಾರ ದನಗಳ ಸಂಖ್ಯೆಯನ್ನು ತಗ್ಗಿಸಲು ಹಣ ಒದಗಿಸಿತು. ಹೇಗೂ ಕಡಿಮೆ ಮಾಡಬೇಕಾದರೆ ರೋಗವಿರುವ ದನಗಳನ್ನೇ ತೆಗೆಯೋಣವೆಂದು ನಿರ್ಧರಿಸಿ, ರಕ್ತಪರೀಕ್ಷೆಯಲ್ಲಿ ಸೋಂಕು ಕಂಡ ಹಸುಗಳಿಗೆ ಒಡೆಯರಿಗೆ ಪರಿಹಾರ ಕೊಡಲಾರಂಭಿಸಿದರು. ಆಗ ಪರೀಕ್ಷೆಗೆ ಒಳಪಟ್ಟ ಬೆಳೆದ ದನಗಳಲ್ಲಿ ಶೇ. 11.5ರಷ್ಟರಲ್ಲಿ ಸೋಂಕು ಕಂಡಿತೆಂಬ ಲೆಕ್ಕ ಸಿಕ್ಕಿದ್ದೂ ಹೀಗೆಯೇ. ಮರುವರ್ಷ, 1935ರ ಸಾಮಾಜಿಕ ಭದ್ರತಾ ಕಾಯಿದೆಯ ಮೂಲಕ ರಾಜ್ಯಗಳ ಸಾರ್ವಜನಿಕ ಆರೋಗ್ಯ ಕಾರ್ಯಗಳಿಗೆ ವರ್ಷಕ್ಕೆ 80 ಲಕ್ಷ ಡಾಲರ್‌ವರೆಗೆ ಅನುದಾನಕ್ಕೆ ಅವಕಾಶವಾಯಿತು. ನಿಯಮಗಳು ಕಾಗದದ ಮೇಲಿದ್ದರೆ ಸಾಲದು, ಅವನ್ನು ಜಾರಿ ಮಾಡುವ ಸಿಬ್ಬಂದಿಗೆ ಸಂಬಳವೂ ಬೇಕಲ್ಲವೇ? ಮೂವತ್ತರ ದಶಕದಲ್ಲಿ ಪಾಶ್ಚರೀಕರಣ ಕಡ್ಡಾಯವೆಂಬ ನಿಯಮ ನಗರದಿಂದ ನಗರಕ್ಕೆ ಹರಡಿತು. 1947ರಲ್ಲಿ ಮಿಚಿಗನ್ ಇಡೀ ರಾಜ್ಯಕ್ಕೆ ಅನ್ವಯಿಸುವ ಕಾನೂನು ಮಾಡಿತು. ಅದೇ ವರ್ಷ ದೇಶದಲ್ಲಿ ಬ್ರುಸೆಲ್ಲೋಸಿಸ್ ತಗುಲಿದವರ ವರದಿಯಾದ ಸಂಖ್ಯೆ 6321ಕ್ಕೆ ಏರಿ, ಅಲ್ಲಿಂದ ಇಳಿಯತೊಡಗಿತು. 1954ರಲ್ಲಿ ಅಮೆರಿಕದ ಸಂಸತ್ತು ಕೇಂದ್ರ ಮತ್ತು ರಾಜ್ಯಗಳ ಜಂಟಿ ನಿರ್ಮೂಲನಾ ಕಾರ್ಯಕ್ರಮಕ್ಕೆ ಹಣ ಮಂಜೂರು ಮಾಡಿತು.

ಇವಾನ್ಸ್ 1945ರಲ್ಲಿಯೇ ನಿವೃತ್ತರಾಗಿದ್ದರು. ಡಾಕ್ಟರೇಟ್ ಇಲ್ಲವೆಂದು ಹಿಂದೆ ಕಡೆಗಣಿಸಲ್ಪಟ್ಟಿದ್ದ ಅವರಿಗೆ, ತಾವು ಓದಿದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವೂ ಸೇರಿದಂತೆ ಹಲವು ಸಂಸ್ಥೆಗಳಿಂದ ಗೌರವ ಪದವಿಗಳು ಬಂದವು. ಮದುವೆಯಾಗಿರಲಿಲ್ಲ. 1975ರ ಸೆಪ್ಟೆಂಬರ್ 5ರಂದು, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ವರ್ಜೀನಿಯಾದಲ್ಲಿ ನಿಧನರಾದರು.

ನಮ್ಮಲ್ಲಿಯ ಪರಿಸ್ಥಿತಿ ಒಂದೆರಡು ವಿಷಯಗಳಲ್ಲಿ ಭಿನ್ನವಾಗಿದೆ. ನಾವು ಹಾಲನ್ನು ಕಾಯಿಸಿ ಬಳಸುವವರು. ಡೇರಿಗೆ ಹಾಕಿದ ಹಾಲು ಪಾಶ್ಚರೀಕರಣಗೊಂಡು ಪೊಟ್ಟಣಕ್ಕೆ ಬರುತ್ತದೆ. ಆದ್ದರಿಂದ ನಮ್ಮ ಹಳ್ಳಿಗಳಲ್ಲಿ ಹಾಲಿಗಿಂತ ಕೈಗಳ ಮೂಲಕ ರೋಗ ಬರುವ ಸಂಭವ ಹೆಚ್ಚು. ಕಂದು ಹಾಕಿದ ಹಸುವಿನ ಸತ್ತೆಯನ್ನು ಬರಿಗೈಯಲ್ಲಿ ಎಳೆಯುವವರು, ಬಿದ್ದ ಕಂದನ್ನು ಎತ್ತಿ ಹಾಕುವವರು ನೀವೇ ಅಥವಾ ನಿಮ್ಮ ಮನೆಯ ಹೆಣ್ಣುಮಕ್ಕಳು. ಕೈಯ ಮೇಲೆ ಒಂದು ಸಣ್ಣ ಗಾಯವಿದ್ದರೂ ಸಾಕು. ಕೈಗವಸಿಲ್ಲದೆ ಮುಟ್ಟಬೇಡಿ, ಕಂದು, ಸತ್ತೆ, ನೆನೆದ ಹುಲ್ಲು ಎಲ್ಲವನ್ನೂ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ನಾಯಿಗಳು ಎಳೆದಾಡದಂತೆ ನೋಡಿಕೊಳ್ಳಿ. ಇಂತಹ ಹಸುವಿದ್ದ ಮನೆಯಲ್ಲಿ ಯಾರಿಗಾದರೂ ಬಿಟ್ಟುಬಿಟ್ಟು ಜ್ವರ ಬರುತ್ತಿದ್ದರೆ, ಹಸುವಿನ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಕೇಳದಿದ್ದರೆ ಅವರಿಗೆ ಹೊಳೆಯದಿರಬಹುದು.

ಇನ್ನೊಂದು ಭೇದ, ಸೋಂಕಿತ ಹಸುಗಳನ್ನು ಕೊಲ್ಲುವ ಅಮೆರಿಕದ ಮಾರ್ಗ ನಮ್ಮದಲ್ಲ. ನಮ್ಮ ದಾರಿ ಲಸಿಕೆಯದು. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮಕ್ಕೆ ಕೇಂದ್ರ ಸರ್ಕಾರ ಕಾಲುಬಾಯಿ ರೋಗ ಮತ್ತು ಕಂದು ರೋಗ ಎರಡಕ್ಕೂ ಸೇರಿ ಐದು ವರ್ಷಕ್ಕೆ 13,343 ಕೋಟಿ ರೂಪಾಯಿಗಳನ್ನು ತೆಗೆದಿರಿಸಿತು, ವೆಚ್ಚವೆಲ್ಲ ಕೇಂದ್ರದ್ದೇ. ವರ್ಷಕ್ಕೆ ಸುಮಾರು 3.6 ಕೋಟಿ ಹೆಣ್ಣುಕರುಗಳಿಗೆ ಲಸಿಕೆ ಹಾಕುವ ಗುರಿ ಅದರದು. ಹಸು ಎಮ್ಮೆಗಳ ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಜೀವಿತದಲ್ಲಿ ಒಮ್ಮೆ ಹಾಕಿಸಿದರೆ ಸಾಕು. ಗಂಡುಕರುಗಳಿಗೂ ಗಬ್ಬದ ಹಸುಗಳಿಗೂ ಇದನ್ನು ಹಾಕುವುದಿಲ್ಲ. ಇದು ಜೀವಂತ ಲಸಿಕೆಯಾದುದರಿಂದ, ಹಾಕುವ ಸಿಬ್ಬಂದಿ ಕೈಗವಸು ಮತ್ತು ಕನ್ನಡಕ ಧರಿಸಬೇಕು. ಸೂಜಿ ಚುಚ್ಚಿಕೊಂಡರೆ ಅಥವಾ ಕಣ್ಣಿಗೆ ಸಿಡಿದರೆ ಕೂಡಲೇ ವೈದ್ಯರನ್ನು ಕಾಣಬೇಕು. ನಾನು ಬೇಸಾಯಶಾಸ್ತ್ರದವನಾದುದರಿಂದ ಹೆಚ್ಚಿನ ವಿವರಗಳನ್ನು ಪಶುವೈದ್ಯರಿಂದಲೇ ಪಡೆಯುವುದು ಒಳಿತು.

ನಿಮ್ಮ ಕೊಟ್ಟಿಗೆಯಲ್ಲಿ ನಾಲ್ಕು ತಿಂಗಳು ತುಂಬಿದ ಹೆಣ್ಣುಕರುವಿದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಹೆಸರು ಬರೆಸಿ. ಹಾಕಿಸಿದ ದಿನಾಂಕ ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯೊಂದಿಗೆ ದಾಖಲಾಗುತ್ತದೆ. ಮುಂದೆ ಆ ಕರುವನ್ನು ಮಾರುವಾಗ ಕೊಳ್ಳುವವರಿಗೆ ತೋರಿಸಲು ಆ ದಾಖಲೆ ಬೇಕಾಗುತ್ತದೆ. ವಯಸ್ಸು ಎಂಟು ತಿಂಗಳು ದಾಟದಂತೆ ನೋಡಿಕೊಳ್ಳಿ.