ಮೀನಿನ ಹುರುಪೆಯಲ್ಲಿ ಉತ್ತರ ಕಂಡ ಯೋಹಾನ್ ಯೋರ್ಟ್

ಮಕ್ಕಳೇ, ಕಡಿದ ಮರದ ಉಂಗುರಗಳನ್ನು ಎಣಿಸಿ ಅದರ ವಯಸ್ಸು ಹೇಳಬಹುದು ಎಂದು ನಿಮಗೆ ಗೊತ್ತು. ಮೀನಿನ ವಯಸ್ಸು ತಿಳಿಯುವುದು ಹೇಗೆ? ಇದರಿಂದಲೇ ಮೀನುಗಾರರ ದೊಡ್ಡ ಸಮಸ್ಯೆಯೊಂದರ ಕಾರಣ ಕಂಡುಹಿಡಿದ ವಿಜ್ಞಾನಿಯ ಪರಿಚಯ ಮಾಡಿಕೊಳ್ಳೋಣ.

ಯೋಹಾನ್ ಯೋರ್ಟ್ 1869ರ ಫೆಬ್ರವರಿ 18ರಂದು ನಾರ್ವೆ ದೇಶದಲ್ಲಿ, ಈಗ ಓಸ್ಲೋ ಎಂದು ಕರೆಯುವ ನಗರದಲ್ಲಿ ಜನಿಸಿದರು. ತಂದೆ ಕಣ್ಣಿನ ವೈದ್ಯರು. ಯೋರ್ಟ್ ಕೂಡ ಮೊದಲು ವೈದ್ಯಕೀಯ ಓದಲು ಸೇರಿದರು. ಆದರೆ ಅವರ ಮನಸ್ಸು ಪ್ರಾಣಿಶಾಸ್ತ್ರದ ಕಡೆಗೆ ಹರಿಯಿತು. 1892ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಪಡೆದರು. 1900ರಿಂದ ಬರ್ಗೆನ್ ಪಟ್ಟಣದಲ್ಲಿ ಮೀನುಗಾರಿಕೆ ಸಂಶೋಧನೆಯ ಮುಂದಾಳಾದರು.

ನಾರ್ವೆಯ ಕರಾವಳಿಗೆ ಚಳಿಗಾಲದ ಕೊನೆಯಲ್ಲಿ ಹೆರಿಂಗ್ ಮೀನುಗಳು ಮೊಟ್ಟೆಯಿಡಲು ಹಿಂಡು ಹಿಂಡಾಗಿ ಬರುತ್ತವೆ. ಆ ಕೆಲವು ವಾರಗಳ ಸುಗ್ಗಿಯೇ ಅನೇಕ ಕುಟುಂಬಗಳಿಗೆ ಆಧಾರವಾಗಿತ್ತು. ಆದರೆ ಕೆಲವು ವರ್ಷ ಬಲೆ ತುಂಬುತ್ತಿತ್ತು, ಕೆಲವು ವರ್ಷ ಬರಿದಾಗುತ್ತಿತ್ತು. ಮೀನುಗಳು ಬೇರೆ ಕಡೆಗೆ ಹೋಗಿರಬೇಕು ಎಂದೇ ಬಹಳ ಜನ ನಂಬಿದ್ದರು.

ಯೋರ್ಟ್ ಮತ್ತು ಅವರ ಸಂಗಡಿಗರು ಹೆರಿಂಗ್‌ನ ಹುರುಪೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೇಸಿಗೆಯಲ್ಲಿ ಆಹಾರ ಹೆಚ್ಚು, ಹುರುಪೆ ಚೆನ್ನಾಗಿ ಬೆಳೆಯುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಂತು ಒಂದು ಗೆರೆ ಮೂಡುತ್ತದೆ. ಗೆರೆಗಳನ್ನು ಎಣಿಸಿದರೆ ವಯಸ್ಸು ಸಿಕ್ಕಿತು! ಹೀಗೆ ವರ್ಷವರ್ಷವೂ ಸಾವಿರಾರು ಮೀನುಗಳ ವಯಸ್ಸನ್ನು ಲೆಕ್ಕ ಹಾಕಿದರು.

ಫಲಿತಾಂಶ ಅಚ್ಚರಿ ತಂದಿತು. 1910ರಲ್ಲಿ ಸಿಕ್ಕ ಹೆರಿಂಗ್‌ಗಳಲ್ಲಿ ನಾಲ್ಕರಲ್ಲಿ ಮೂರು ಭಾಗದಷ್ಟು 1904ರಲ್ಲೇ ಹುಟ್ಟಿದವು! ಮುಂದಿನ ವರ್ಷಗಳಲ್ಲೂ ಅದೇ ಮೀನುಗಳದ್ದೇ ಮೇಲುಗೈ. ನಿಮ್ಮ ಶಾಲೆಯ ಉದಾಹರಣೆ ನೋಡಿ. ನಾಲ್ಕನೇ ತರಗತಿಯಲ್ಲಿ 60 ಮಕ್ಕಳು, ಉಳಿದ ತರಗತಿಗಳಲ್ಲಿ ಹತ್ತು ಹತ್ತು ಮಕ್ಕಳು ಇದ್ದಾರೆ ಎನ್ನೋಣ. ಮುಂದಿನ ವರ್ಷ ಐದನೇ ತರಗತಿ ತುಂಬುತ್ತದೆ, ಅದರ ಮುಂದಿನ ವರ್ಷ ಆರನೆಯದು. ಹೆರಿಂಗ್‌ನ ಕಥೆಯೂ ಹೀಗೆಯೇ.

ಹಾಗಾದರೆ 1904ರಲ್ಲಿ ಹುಟ್ಟಿದ ಮರಿಗಳೇ ಇಷ್ಟೊಂದು ಬದುಕಿದ್ದೇಕೆ? 1914ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಯೋರ್ಟ್ ಎರಡು ಕಾರಣಗಳನ್ನು ಸೂಚಿಸಿದರು. ಮೊಟ್ಟೆಯಿಂದ ಹೊರಬಂದ ಮರಿಗೆ ಸರಿಯಾದ ಸಮಯಕ್ಕೆ ಸೂಕ್ಷ್ಮ ಆಹಾರ ಸಿಗದಿದ್ದರೆ ಅದು ಸಾಯುತ್ತದೆ. ಸಮುದ್ರದ ಪ್ರವಾಹಗಳು ಮರಿಗಳನ್ನು ದೂರಕ್ಕೆ ಒಯ್ದರೂ ನಷ್ಟವೇ. ವಿಜ್ಞಾನಿಗಳು ಇಂದಿಗೂ ಈ ವಿಚಾರವನ್ನು ಪರೀಕ್ಷಿಸುತ್ತಿದ್ದಾರೆ.

ಯೋರ್ಟ್ ತಿಮಿಂಗಿಲಗಳ ರಕ್ಷಣೆಗೂ ದುಡಿದು, 1948ರ ಅಕ್ಟೋಬರ್ 7ರಂದು ನಿಧನರಾದರು. ನಂತರದ ವರ್ಷಗಳಲ್ಲಿ ದೊಡ್ಡ ಬಲೆ, ಹೊಸ ಯಂತ್ರಗಳಿಂದ ಮರಿಗಳನ್ನೂ ಬಿಡದೆ ಹಿಡಿದರು. 1960ರ ದಶಕದ ಕೊನೆಗೆ ನಾರ್ವೆಯ ಹೆರಿಂಗ್ ಬಹುತೇಕ ಬರಿದಾಯಿತು. ಹಿಡಿಯುವುದನ್ನು ಬಿಗಿಯಾಗಿ ನಿಯಂತ್ರಿಸಬೇಕಾಯಿತು. 1983ರಲ್ಲಿ ಹುಟ್ಟಿದ ಮರಿಗಳು ಹೇರಳವಾಗಿ ಬದುಕಿದಾಗ ಸಂತತಿ ಮತ್ತೆ ಚೇತರಿಸಿಕೊಂಡಿತು. ಯೋರ್ಟ್ ತೋರಿಸಿದ ಮಾತೇ ನಿಜವಾಯಿತು.

ನಮ್ಮ ಕರಾವಳಿಯ ಬೂತಾಯಿ ಮೀನು ಹೆರಿಂಗ್‌ನ ಬಂಧು. ಅದೂ ಒಂದು ವರ್ಷ ರಾಶಿ, ಇನ್ನೊಂದು ವರ್ಷ ಕೊರತೆ. ಮಳೆಗಾಲದಲ್ಲಿ ಯಂತ್ರದ ದೋಣಿಗಳು ಮೀನು ಹಿಡಿಯಬಾರದು ಎಂಬ ನಿಯಮ ಏಕಿದೆ ಎಂದು ಈಗ ಯೋಚಿಸಿ.

ಮಾಡಿ ನೋಡಿ: ಮೀನು ಮಾರುವವರಿಂದ ರೋಹು ಅಥವಾ ಕಾಟ್ಲಾ ಮೀನಿನ ಹುರುಪೆ ಪಡೆದು ತೊಳೆಯಿರಿ. ಭೂತಗನ್ನಡಿಯಲ್ಲಿ ಗೆರೆಗಳನ್ನು ಗಮನಿಸಿ, ಚಿತ್ರ ಬರೆಯಿರಿ. ಎಲ್ಲ ಗೆರೆಗಳೂ ವರ್ಷದ ಗೆರೆಗಳಲ್ಲ, ನೆನಪಿರಲಿ!