ಪೆಪ್ಟೈಡ್ ಸರಪಳಿಗೆ ನಕ್ಷೆ ಬರೆದ ರಾಮಚಂದ್ರನ್

ಮಕ್ಕಳೇ, ನಮ್ಮ ಚರ್ಮ, ಮೂಳೆಗಳಿಗೆ ಬಲ ಕೊಡುವ ಪ್ರೋಟೀನ್ ಕೊಲಾಜೆನ್. ಅದರ ಒಳರಚನೆಯನ್ನು ಬಿಡಿಸಿ ತೋರಿಸಿದವರು ಜಿ. ಎನ್. ರಾಮಚಂದ್ರನ್. 1922ರಲ್ಲಿ ಎರ್ನಾಕುಲಂನಲ್ಲಿ ಜನಿಸಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾದರು.

ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಿಕೊಂಡರೆ ಪೆಪ್ಟೈಡ್ ಸರಪಳಿ. ಕೊಲಾಜೆನ್‌ನಲ್ಲಿ ಇಂಥ ಮೂರು ಸರಪಳಿಗಳು ಹಗ್ಗದಂತೆ ಹೊಸೆದುಕೊಂಡಿವೆ ಎಂದು ಅವರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ ಗೋಪಿನಾಥ್ ಕರ್ತಾ ಅವರೊಡನೆ 1954–55ರಲ್ಲಿ ತಿಳಿಸಿದರು. ಪರಮಾಣುಗಳು ಅಷ್ಟು ಹತ್ತಿರ ಇರಲಾರವೆಂದು ವಿದೇಶದ ವಿಜ್ಞಾನಿಗಳಾದ ಕ್ರಿಕ್ ಮತ್ತು ರಿಚ್ ಆಕ್ಷೇಪಿಸಿದರು. ಆಗ ರಾಮಚಂದ್ರನ್ ಅನೇಕ ಹರಳುಗಳಲ್ಲಿ ಪರಮಾಣುಗಳ ನಡುವಿನ ಅಂತರ ಎಷ್ಟೆಂದು ಪರಿಶೀಲಿಸಿದರು. ಸಂಗಡಿಗರೊಡನೆ ಲೆಕ್ಕ ಹಾಕಿ, ಪೆಪ್ಟೈಡ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದೆಂಬ ನಕ್ಷೆಯನ್ನು 1963ರಲ್ಲಿ ಪ್ರಕಟಿಸಿದರು.

2001ರಲ್ಲಿ ಅವರು ನಿಧನರಾದರು. ಹೊಸ ಪ್ರೋಟೀನ್ ರಚನೆ ಸರಿಯೇ ಎಂದು ಪರೀಕ್ಷಿಸಲು ವಿಜ್ಞಾನಿಗಳು ಇಂದಿಗೂ ರಾಮಚಂದ್ರನ್ ನಕ್ಷೆಯನ್ನು ನೋಡುತ್ತಾರೆ.