ತನ್ನ ಕತೆಯನ್ನು ಮೂರು ಸಲ ಬರೆದವನು

ಅಮೆರಿಕದ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಸ್‌ಗೆ ತಾನು ಹುಟ್ಟಿದ ದಿನ ಗೊತ್ತಿರಲಿಲ್ಲ. ನಮ್ಮ ಅಜ್ಜಂದಿರಿಗೂ ಗೊತ್ತಿರಲಿಲ್ಲ, ಮೇಷ್ಟ್ರು ಜೂನ್ 1 ಅಂತ ಬರೆದು ಮುಗಿಸಿದ್ರು, ಅದು ಬೇರೆ ಮಾತು. ಆದರೆ ಡಗ್ಲಸ್ ಹುಟ್ಟಿದ್ದು 1818ರ ಫೆಬ್ರವರಿಯಲ್ಲಿ ಅಂತ ಧಣಿಯ ಲೆಕ್ಕದ ಪುಸ್ತಕದಲ್ಲಿತ್ತು. ಆಸ್ತಿಯ ಲೆಕ್ಕ ಅದು. ಆತ ಮಾತ್ರ ಕೊನೆತನಕ 1817 ಅಂದುಕೊಂಡೇ ಇದ್ದ.

1838ರ ಸೆಪ್ಟೆಂಬರ್ 3ರಂದು ನಾವಿಕನ ವೇಷ ಹಾಕಿ, ಬೇರೊಬ್ಬರ ಕಾಗದಪತ್ರ ಹಿಡಿದು ಬಾಲ್ಟಿಮೋರಿನಿಂದ ತಪ್ಪಿಸಿಕೊಂಡ. ಬೈಲಿ ಅನ್ನೋ ಮನೆತನದ ಹೆಸರು ಬಿಟ್ಟು ಜಾನ್ಸನ್ ಆದ. ನ್ಯೂ ಬೆಡ್‌ಫರ್ಡಿಗೆ ಬಂದರೆ ಊರ ತುಂಬ ಜಾನ್ಸನ್‌ಗಳೇ! ಆಶ್ರಯ ಕೊಟ್ಟವರು ಸ್ಕಾಟ್‌ನ ಕಾವ್ಯವೊಂದರಿಂದ ಡಗ್ಲಸ್ ಅನ್ನೋ ಹೆಸರು ಸೂಚಿಸಿದರು. ಫ್ರೆಡರಿಕ್ ಮಾತ್ರ ಬಿಡಲ್ಲ ಅಂತ ಪಟ್ಟು ಹಿಡಿದ.

ಗುಲಾಮಗಿರಿ ವಿರೋಧಿ ಚಳವಳಿ ಆತನನ್ನು ವೇದಿಕೆ ಹತ್ತಿಸಿತು. ಗ್ಯಾರಿಸನ್ ಬಳಗದ ಬಿಳಿಯ ಗೆಳೆಯರು ಒಳ್ಳೆಯವರೇ. ಆದರೆ ಅನುಭವವನ್ನಷ್ಟೇ ಹೇಳು, ವಿಚಾರ ನಾವು ನೋಡಿಕೊಳ್ತೀವಿ ಅನ್ನೋ ಧೋರಣೆ ಅವರದು. ಭಾಷೆ ಅಷ್ಟು ಚೆನ್ನಾಗಿದ್ದರೆ ಗುಲಾಮನಾಗಿದ್ದವನು ಅಂತ ಯಾರೂ ನಂಬಲ್ಲ ಅನ್ನೋ ಚಿಂತೆ ಬೇರೆ. ಇದನ್ನು ಓದುವಾಗ ನನಗೆ ನಮ್ಮ ವಿಚಾರ ಸಂಕಿರಣಗಳು ನೆನಪಾಗ್ತವೆ. ನೋವು ಹೇಳೋಕೆ ಒಬ್ಬರು, ವಿಶ್ಲೇಷಣೆಗೆ ಇನ್ನೊಬ್ಬರು.

1845ರ ಮೊದಲ ಆತ್ಮಕತೆಗೆ ಗ್ಯಾರಿಸನ್ನನದೇ ಮುನ್ನುಡಿ. ಅದರಲ್ಲಿ ಧಣಿಯ ಹೆಸರು ಬರೆದದ್ದರಿಂದ ಮತ್ತೆ ಹಿಡಿದೊಯ್ಯುವ ಭಯ, ಹಾಗಾಗಿ ಐರ್ಲೆಂಡು, ಇಂಗ್ಲೆಂಡಿಗೆ ಹೋದ. 1846ರಲ್ಲಿ ಅಲ್ಲಿನ ಗೆಳೆಯರು 150 ಪೌಂಡ್ ಕೂಡಿಸಿ ಆತನನ್ನು ಕಾನೂನಿನ ಪ್ರಕಾರ ಬಿಡಿಸಿದರು. ವಾಪಸ್ ಬಂದು ಸ್ವಂತ ಪತ್ರಿಕೆ ಶುರು ಮಾಡಿದ. ಸಂವಿಧಾನವನ್ನು ತಾನೇ ಕೂತು ಓದಿ, ಅದು ಗುಲಾಮಗಿರಿಯ ಪರ ಇದೆ ಅನ್ನೋ ಗ್ಯಾರಿಸನ್ ನಿಲುವನ್ನು 1851ರಲ್ಲಿ ಬಹಿರಂಗವಾಗಿ ಕೈಬಿಟ್ಟ. ಸ್ನೇಹ ಮುರಿಯಿತು.

ಎಲ್ಲರೂ ಮೊದಲ ಪುಸ್ತಕ ಓದ್ತಾರೆ. ನನ್ನ ಕೇಳಿದರೆ 1855ರ ಎರಡನೆಯದೇ ದೊಡ್ಡದು. ಅದಕ್ಕೆ ಮುನ್ನುಡಿ ಬರೆದದ್ದು ಕಪ್ಪು ವೈದ್ಯ ಜೇಮ್ಸ್ ಮೆಕ್ಯೂನ್ ಸ್ಮಿತ್. ಹಳೆಯ ನೆನಪುಗಳನ್ನೇ ಡಗ್ಲಸ್ ಮತ್ತೆ ಕೆದಕಿ ನೋಡ್ತಾನೆ, ಬೇರೆಯದೇ ಕಾಣುತ್ತೆ. ಮೊದಲ ಪುಸ್ತಕದಲ್ಲಿ ಅಮ್ಮ ಹ್ಯಾರಿಯೆಟ್ ಹೆಚ್ಚುಕಡಿಮೆ ಅಪರಿಚಿತಳು. ಮೈಲಿಗಟ್ಟಲೆ ದೂರದ ಹೊಲದಲ್ಲಿ ದುಡಿದು, ರಾತ್ರಿ ನಡೆದು ಬರುತ್ತಿದ್ದವಳು, ಬೇಗ ಸತ್ತವಳು. ಎರಡನೆಯದರಲ್ಲಿ ಅದೇ ಅಮ್ಮ ಹಸಿದ ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ಶುಂಠಿ ಕೇಕು ತಿನ್ನಿಸ್ತಾಳೆ, ಊಟ ಕೊಡದ ಅಡುಗೆಯವಳಿಗೆ ಸರಿಯಾಗಿ ಬೈತಾಳೆ. ಆಕೆಗೆ ಓದಲು ಬರುತ್ತಿತ್ತು ಅಂತ ಡಗ್ಲಸ್‌ಗೆ ತಿಳಿದದ್ದು ಆಕೆ ಸತ್ತ ಮೇಲೆ. ತನ್ನ ಅಕ್ಷರದ ಹುಚ್ಚು ಬಂದದ್ದು ಬಿಳಿಯ ರಕ್ತದಿಂದಲ್ಲ, ಆ ಕಪ್ಪು ಹೆಂಗಸಿನಿಂದ ಅಂತ ಬರೆದ.

ಅಪ್ಪ? ಬಿಳಿಯ, ಬಹುಶಃ ಧಣಿಯೇ ಇರಬೇಕು ಅನ್ನೋ ಪಿಸುಮಾತು ಮೊದಲ ಪುಸ್ತಕದಲ್ಲಿದೆ. 1881ರ ಮೂರನೆಯದಕ್ಕೆ ಬರುವಷ್ಟರಲ್ಲಿ ಅಪ್ಪನ ಬಗ್ಗೆ ತನಗೇನೂ ಗೊತ್ತಿಲ್ಲ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟ.